ಅನ್ನಕ್ಕೊಂದು ಜೊತೆ ಬೇಕು



ಈ ಸಲ ಸುರಪುರ ತಾಲೂಕಿನ ದೇವಾಪುರದಿಂದ ಬಂದ ಒಂದು ಕಾಗದವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಬರೆದಾಕೆ ಹೆಸರು ಹಾಕಬೇಡಿರೆಂದು ಕೇಳಿಕೊಂಡಿದ್ದಾಳೆ. ಕಾಗದ ಅವಳ ಮಾತಿನಲ್ಲಿಯೇ ಹೀಗಿದೆ:

“ಅಕ್ಕಾರ, ನನ್ನ ಮಗ ಏಳನೇ ಇಯತ್ತೆ ಓದ್ತಾನ. ಸಾಲ್ಯಾಗ ಒಬ್ಬೊಬ್ಬರಿಗೆ ಒಂದೊಂದು ದೇಶ ಕೊಟ್ಟು, ಅಲ್ಲಿ ಮಂದಿ ದಿನಾ ಏನು ಉಣ್ತಾರ ಅಂತ ಬರಕೊಂಡು ಬರ್ರಿ ಅಂದಾರ. ನನ್ನ ಮಗನ ಪಾಲಿಗೆ ಬ್ರೆಜಿಲ್ ಬಂದದ. ಅಲ್ಲಿ ಫುಟ್‌ಬಾಲ್ ಆಡ್ತಾರ ಅಂಬೋದು ಬಿಟ್ರ ನಮಗೇನೂ ಗೊತ್ತಿಲ್ಲ. ನಮ್ಮ ಮನ್ಯಾಗ ಮಾಡಿ ತೋರಸೋ ಹಂಗಿದ್ರ ತಿಳಸ್ರಿ. ಇನ್ನೊಂದು ಮಾತು. ಮೊದಲು ನಮ್ಮಲ್ಲಿ ಎರಡೂ ಹೊತ್ತು ರೊಟ್ಟಿನೇ ಇತ್ತು. ಈಗ ಮಕ್ಕಳು ಅನ್ನನೇ ಬೇಡ್ತಾವ. ಬ್ಯಾಳಿ ತುಟ್ಟಿ ಅಂತ ನಾ ಸಾರು ತೆಳ್ಳಗ ಮಾಡ್ತೀನಿ. ಎಲ್ಲರದೂ ಆದ ಮ್ಯಾಲೆ ಕಡೀಕ ಉಣ್ಣಾಕಿ ನಾನು. ದವಾಖಾನ್ಯಾಗ ನನಗ ರಕ್ತ ಕಡಿಮಿ ಅದ ಅಂದಾರ. ಅನ್ನ ಉಂಡ್ರ ಹಿಂಗ ಆಗ್ತದೇನ್ರಿ?”

ತಂಗಿ, ನೀನು ಎರಡು ಪ್ರಶ್ನೆ ಕೇಳಿದ್ದೀಯೆ. ಒಂದು ಮಗನದು, ಒಂದು ನಿನ್ನದು. ಎರಡಕ್ಕೂ ಸಂಬಂಧವಿಲ್ಲವೆಂದು ನೀನು ತಿಳಿದಿರಬಹುದು. ಮಗನ ಪ್ರಶ್ನೆಗೆ ಉತ್ತರ ಹೇಳುತ್ತ ಹೋದರೆ ನಿನ್ನ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕೀತು.

ಬ್ರೆಜಿಲ್ ದೇಶದ ದಿನನಿತ್ಯದ ಊಟವೆಂದರೆ ಅನ್ನ ಮತ್ತು ಕಾಳು. ಅವರ ಪೋರ್ಚುಗೀಸ್ ಭಾಷೆಯಲ್ಲಿ ‘ಅರೋಜ್ ಇ ಫೇಜಾಂವ್’. ಅರೋಜ್ ಅಂದರೆ ಅಕ್ಕಿ, ಫೇಜಾಂವ್ ಅಂದರೆ ನಾವು ರಾಜ್ಮಾ ಎನ್ನುತ್ತೇವಲ್ಲ, ಆ ಜಾತಿಯ ಕಾಳು. ದೇಶದ ಬಹುಭಾಗದಲ್ಲಿ ಕಂದು ಗೆರೆಗಳಿರುವ ತಿಳಿ ಬಣ್ಣದ ಕಾಳನ್ನು ಬಳಸಿದರೆ, ರಿಯೊ ಪಟ್ಟಣದ ಕಡೆ ಕರಿ ಕಾಳು. ಜೊತೆಗೆ ಬಳ್ಳೊಳ್ಳಿ ಹಾಕಿ ಬಾಡಿಸಿದ ಸೊಪ್ಪು, ಮೇಲೆ ಉದುರಿಸಿಕೊಳ್ಳಲು ಹುರಿದ ಮರಗೆಣಸಿನ ಹಿಟ್ಟು, ಟೊಮೆಟೊ-ಉಳ್ಳಾಗಡ್ಡಿ ಹೋಳು. ಅನುಕೂಲವಿದ್ದವರಿಗೆ ಒಂದು ತುಂಡು ಮಾಂಸ ಅಥವಾ ಹುರಿದ ಮೊಟ್ಟೆ. ಸಿರಿವಂತರ ಮನೆಯಲ್ಲಾಗಲಿ ಕೂಲಿಯವರ ಮನೆಯಲ್ಲಾಗಲಿ ಅನ್ನ-ಕಾಳು ಮಾತ್ರ ತಪ್ಪುವುದಿಲ್ಲ. ಯಾವುದಾದರೊಂದು ಕೆಲಸ ವಿಶೇಷವೇನಿಲ್ಲದ, ದಿನದ ಕೆಲಸವೆಂದು ಹೇಳಬೇಕಾದರೆ ಅವರು ‘ಅದು ಕಾಳು-ಅನ್ನ’ ಎಂದುಬಿಡುತ್ತಾರೆ. ಅಷ್ಟು ಬಳಕೆಯ ಊಟ ಅದು.

ಕಾಳು ಮತ್ತು ಮರಗೆಣಸು ಅಲ್ಲಿನ ಮೂಲನಿವಾಸಿಗಳ ಬೆಳೆ. ಅಕ್ಕಿ ಮಾತ್ರ ಪೋರ್ಚುಗೀಸರ ಆಳ್ವಿಕೆಯಲ್ಲಿ ಹೊರಗಿನಿಂದ ಬಂದದ್ದು. ಅಂದರೆ ಆ ದೇಶಕ್ಕೂ ಅನ್ನ ಆಮೇಲೆ ಬಂದ ನೆಂಟನೇ. ಆದರೆ ನೆಂಟ ಬಂದನೆಂದು ಅವರು ಮನೆಯ ಕಾಳನ್ನು ಹೊರಗೆ ಹಾಕಲಿಲ್ಲ. ಅನ್ನದ ಪಕ್ಕದಲ್ಲಿಯೇ ಅದನ್ನು ಕೂಡಿಸಿಕೊಂಡರು.

ಈಗ ನಮ್ಮ ಕಡೆಗೆ ಬರೋಣ. ಸುರಪುರ, ಶಹಾಪುರ, ಯಾದಗಿರಿ ಸೀಮೆಯ ಎರೆಹೊಲಗಳಲ್ಲಿ ನಮ್ಮ ಹಿರಿಯರು ಜೋಳ, ಸಜ್ಜೆ ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲು ಹಿಡಿಯುತ್ತಿದ್ದರು. ಸಜ್ಜೆಯ ನಡುವೆ ತೊಗರಿ, ಜೊತೆಗೆ ಅಲಸಂದಿ, ಹೆಸರು, ಮಡಿಕೆ. ಹೊಲದಲ್ಲಿ ಒಟ್ಟಿಗೆ ಬೆಳೆದದ್ದು ಗಂಗಾಳದಲ್ಲಿಯೂ ಒಟ್ಟಿಗೆ ಬೀಳುತ್ತಿತ್ತು. ರೊಟ್ಟಿ, ಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಹೆಣ್ಣುಮಕ್ಕಳು ಲೆಕ್ಕ ಹಾಕಿ ಅಡುಗೆ ಮಾಡಬೇಕಾಗಿರಲಿಲ್ಲ. ಲೆಕ್ಕವನ್ನು ಹೊಲವೇ ಹಾಕಿಕೊಡುತ್ತಿತ್ತು.

ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು, ಎಡದಂಡೆ ಕಾಲುವೆಯಲ್ಲಿ ಕೃಷ್ಣೆಯ ನೀರು ಹರಿದ ಮೇಲೆ ಈ ಸೀಮೆಯ ಎಷ್ಟೋ ಹೊಲಗಳು ಗದ್ದೆಗಳಾದವು. ಬದುಕು ಸುಧಾರಿಸಿತು, ಅದನ್ನು ಅಲ್ಲಗಳೆಯುವಂತಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದು ಬಡವರ ಮನೆಗೂ ಅಕ್ಕಿ ಮುಟ್ಟಿತು. ಹಸಿವು ತಣಿಯಿತು, ಅದೂ ಸಣ್ಣ ಮಾತಲ್ಲ. ಆದರೆ ಗದ್ದೆಯಲ್ಲಿ ನೆಲ್ಲು ಒಂದೇ ನಿಲ್ಲುತ್ತದೆ. ಅಲ್ಲಿ ಅಕ್ಕಡಿ ಸಾಲಿಲ್ಲ. ನ್ಯಾಯಬೆಲೆ ಅಂಗಡಿಯ ಚೀಲದಲ್ಲಿಯೂ ಹೆಚ್ಚಾಗಿ ಬರುವುದು ಅಕ್ಕಿ. ಹೊಲ ಮಾಡುತ್ತಿದ್ದ ಜೋಡಿಯನ್ನು ಇನ್ನು ಅಡುಗೆಮನೆಯೇ ಮಾಡಬೇಕು ಎಂಬುದು ನಮ್ಮ ಗಮನಕ್ಕೆ ಬರಲಿಲ್ಲ, ಅಷ್ಟೇ.

ಆದ್ದರಿಂದ ತಂಗಿ, ತಪ್ಪು ಅನ್ನದ್ದಲ್ಲ. ಅನ್ನ ಒಂಟಿಯಾದದ್ದು ತಪ್ಪು.

ಲೆಕ್ಕ ನೋಡು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇದ್ದರೆ ಜೋಳದಲ್ಲಿ ಸುಮಾರು 10 ಗ್ರಾಂ, ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ. ಕಬ್ಬಿಣದ ಅಂಶವೂ ಬಿಳಿ ಅಕ್ಕಿಗಿಂತ ಜೋಳದಲ್ಲಿ, ಕಾಳುಗಳಲ್ಲಿ ಹೆಚ್ಚು. ಇಷ್ಟೇ ಅಲ್ಲ, ಅಕ್ಕಿಯ ಪ್ರೋಟೀನಿನಲ್ಲಿ ಯಾವ ಅಂಶ ಕಡಿಮೆಯೋ ಅದು ಕಾಳಿನಲ್ಲಿ ಧಾರಾಳವಾಗಿದೆ. ಕಾಳಿನಲ್ಲಿ ಕಡಿಮೆಯಿರುವುದು ಅಕ್ಕಿಯಲ್ಲಿದೆ. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ವಾರಗಿತ್ತಿಯರು ಹೊಂದಿಕೊಂಡು ಮನೆ ನಡೆಸಿದ ಹಾಗೆ.

ಬ್ರೆಜಿಲ್ ಸರಕಾರ 2014ರಲ್ಲಿ ತನ್ನ ಜನರಿಗಾಗಿ ಊಟದ ಕೈಪಿಡಿಯೊಂದನ್ನು ಹೊರತಂದಿತು. ಪೊಟ್ಟಣದ ತಿಂಡಿಗಳನ್ನು ದೂರವಿಡಿ, ಮನೆಯಲ್ಲಿ ಮಾಡಿದ ಅನ್ನ-ಕಾಳಿನಂಥ ಊಟ ಉಣ್ಣಿ ಎಂಬುದೇ ಅದರ ಸಾರಾಂಶ. ಹೊಸ ಔಷಧವನ್ನೇನೂ ಹೇಳಲಿಲ್ಲ. ಅಜ್ಜಿಯ ಅಡುಗೆಯನ್ನು ಬಿಡಬೇಡಿ ಎಂದು ಹೇಳಿತು.

ನಿನ್ನ ಮಗ ತರಗತಿಯಲ್ಲಿ ಹೇಳಲು ಇನ್ನೊಂದು ಸಂಗತಿ. ನಮ್ಮ ಹಿಂಡಿಯ ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಡುವಣ ಕರಾವಳಿಗೆ ಬಂದದ್ದು. ಉಪವಾಸದ ದಿನ ಉಣ್ಣುವ ಸಾಬೂದಾಣಿಯನ್ನು ಮಾಡುವುದು ಅದೇ ಮರಗೆಣಸಿನಿಂದ. ನಮ್ಮಿಂದ ಅಲ್ಲಿಗೆ ಹೋದದ್ದು ದನ: ನೆಲ್ಲೂರು-ಒಂಗೋಲು ಕಡೆಯ ತಳಿ ಅಲ್ಲಿ ‘ನೆಲೋರೆ’ ಎಂಬ ಹೆಸರಿನಿಂದಲೇ ಬೆಳೆದಿದೆ. ಆದ್ದರಿಂದ ಈ ಅಡುಗೆಯನ್ನು ಪರದೇಶದ್ದೆಂದು ಹೆದರಿಕೊಳ್ಳಬೇಕಾಗಿಲ್ಲ.

ಇನ್ನು ಅಡುಗೆ. ನಾಲ್ಕೈದು ಜನರಿಗೆ ಸಾಕಾಗುವಷ್ಟು ಅಳತೆ ಕೊಟ್ಟಿದ್ದೇನೆ. ಅಕ್ಕಿಗೂ ಕಾಳಿಗೂ ಒಂದೇ ಬಟ್ಟಲು ಉಪಯೋಗಿಸಬೇಕು.

ಕಾಳು

ಬೇಕಾಗುವ ಸಾಮಾನು: ರಾಜ್ಮಾ ಅಥವಾ ಅಲಸಂದಿ 1 ಬಟ್ಟಲು, ಉಳ್ಳಾಗಡ್ಡಿ 1, ಬಳ್ಳೊಳ್ಳಿ 8 ಎಸಳು, ಪಲಾವಿಗೆ ಹಾಕುವ ಎಲೆ 1, ಎಣ್ಣೆ 2 ಚಮಚ, ರುಚಿಗೆ ಉಪ್ಪು.

ಸುರಪುರದ ಅಂಗಡಿಯಲ್ಲಿ ರಾಜ್ಮಾ ಸಿಕ್ಕೀತು. ಸಿಗದಿದ್ದರೆ, ಅಥವಾ ತುಟ್ಟಿಯಾದರೆ, ಅಲಸಂದಿ ಹಾಕಿರಿ. ಇದೇನೂ ರಾಜಿಯ ಮಾತಲ್ಲ. ಬ್ರೆಜಿಲ್ಲಿನ ಈಶಾನ್ಯ ಭಾಗ ನಮ್ಮಂತೆಯೇ ಬರಗಾಲದ ಸೀಮೆ. ಅಲ್ಲಿನವರು ಅಲಸಂದಿಯನ್ನೇ ಬಳಸುತ್ತಾರೆ. ಅಕ್ಕಿ ಮತ್ತು ಅಲಸಂದಿಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ, ಆ ಸೀಮೆಯ ಜೋಡಿ ಕುಣಿತದ ಹೆಸರನ್ನೇ ಆ ಅಡುಗೆಗೂ ಇಟ್ಟುಕೊಂಡಿದ್ದಾರೆ.

ಮಾಡುವ ಕ್ರಮ: ಕಾಳನ್ನು ಆರಿಸಿ ತೊಳೆದು ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ನಾಲ್ಕು ಬಟ್ಟಲು ಹೊಸ ನೀರು, ಪಲಾವ್ ಎಲೆ ಹಾಕಿ ಕುಕ್ಕರಿನಲ್ಲಿ ಇಡಿ. ಅಲಸಂದಿಗೆ ಮೂರು ಸೀಟಿ ಸಾಕು. ರಾಜ್ಮಾ ಆದರೆ ಐದಾರು ಸೀಟಿ ಆದ ಮೇಲೆ ಉರಿ ಸಣ್ಣದು ಮಾಡಿ ಇನ್ನೂ ಹದಿನೈದು ನಿಮಿಷ ಬಿಡಿ. ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಂತಾಗಬೇಕು.

ಇಲ್ಲೊಂದು ಎಚ್ಚರಿಕೆ: ರಾಜ್ಮಾವನ್ನು ಅರೆಬೆಂದದ್ದು ಉಣ್ಣಲೇಬಾರದು. ಹಸಿ ರಾಜ್ಮಾದಲ್ಲಿರುವ ಒಂದು ಅಂಶದಿಂದ ವಾಂತಿ-ಭೇದಿ ಆಗುತ್ತದೆ. ಕುದಿಕುದಿದು ಪೂರ್ತಿ ಬೆಂದರೆ ಅದು ನಾಶವಾಗುತ್ತದೆ.

ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಯನ್ನು ಬಾಡಿಸಿ. ಜಜ್ಜಿದ ಬಳ್ಳೊಳ್ಳಿ ಹಾಕಿ ಹೊಂಬಣ್ಣ ಬರುವ ತನಕ ಹುರಿಯಿರಿ. ಈಗ ಬೆಂದ ಕಾಳು ಎರಡು ಸವಟು ತೆಗೆದು ಈ ಒಗ್ಗರಣೆಗೇ ಹಾಕಿ, ಸವಟಿನ ಬೆನ್ನಿನಿಂದ ಚೆನ್ನಾಗಿ ಹಿಸುಕಿ. ಹಿಸುಕಿದ್ದನ್ನು ಉಳಿದ ಕಾಳಿಗೆ ಬೆರೆಸಿ, ಉಪ್ಪು ಹಾಕಿ, ಮುಚ್ಚಳವಿಲ್ಲದೆ ಹತ್ತು ನಿಮಿಷ ಕುದಿಸಿ. ಸಾರು ತಾನಾಗಿ ಮಂದವಾಗುತ್ತದೆ. ಖಾರ, ಅರಿಸಿನ, ಮಸಾಲೆ ಯಾವುದೂ ಇಲ್ಲ. “ಅಯ್ಯ, ಸಪ್ಪಗಾಗ್ತದಲ್ರಿ!” ಅಂತೀರಿ. ಪಕ್ಕದಲ್ಲಿ ಒಂದಿಷ್ಟು ಕೆಂಪು ಹಿಂಡಿ ಇಟ್ಟುಕೊಂಡರೆ ಬೇಡವೆನ್ನಲು ಬ್ರೆಜಿಲ್‌ನಿಂದ ಯಾರೂ ಬರುವುದಿಲ್ಲ.

ಅನ್ನ

ಬೇಕಾಗುವ ಸಾಮಾನು: ಅಕ್ಕಿ 2 ಬಟ್ಟಲು, ಬಳ್ಳೊಳ್ಳಿ 3 ಎಸಳು, ಉಳ್ಳಾಗಡ್ಡಿ ಅರ್ಧ, ಎಣ್ಣೆ 1 ಚಮಚ, ಕುದಿಯುವ ನೀರು 4 ಬಟ್ಟಲು, ಉಪ್ಪು.

ಮಾಡುವ ಕ್ರಮ: ಅಕ್ಕಿ ತೊಳೆದು ಜರಡಿಯಲ್ಲಿ ನೀರು ಬಸಿಯಿರಿ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಬಾಡಿಸಿ, ಅಕ್ಕಿ ಹಾಕಿ ಎರಡು ಮೂರು ನಿಮಿಷ ಹುರಿಯಿರಿ. ಕಾಳು ಕಾಳು ಬಿಡಿಯಾಗಿ ಸದ್ದು ಮಾಡತೊಡಗಿದಾಗ ಕುದಿಯುವ ನೀರು, ಉಪ್ಪು ಹಾಕಿ. ಒಂದು ಕುದಿ ಬಂದ ಮೇಲೆ ಉರಿ ಇಳಿಸಿ ಮುಚ್ಚಿಡಿ. ನೀರು ಇಂಗಿದ ಮೇಲೆ ಐದು ನಿಮಿಷ ಹಾಗೇ ಬಿಟ್ಟರೆ ಅನ್ನ ಉದುರುದುರಾಗುತ್ತದೆ. ನಮ್ಮ ಗದ್ದೆಯ ಸೋನಾ ಅಕ್ಕಿಗೂ ಇದೇ ಕ್ರಮ. ಹಳೆ ಅಕ್ಕಿಯಾದರೆ ಅರ್ಧ ಬಟ್ಟಲು ನೀರು ಹೆಚ್ಚಿಗೆ.

ಸೊಪ್ಪು

ಅವರು ಕೋಸಿನ ಜಾತಿಯದೇ ಒಂದು ಅಗಲ ಎಲೆಯ ಸೊಪ್ಪನ್ನು ದಾರದಂತೆ ಸಣ್ಣಗೆ ಹೆಚ್ಚುತ್ತಾರೆ. ನಾವು ಸಂತೆಯಿಂದ ಹೂಕೋಸು, ನವಿಲುಕೋಸು ತಂದು ಎಳೆಯ ಎಲೆಗಳನ್ನು ದನಕ್ಕೆ ಹಾಕಿಬಿಡುತ್ತೇವೆ. ಆ ಎಲೆಗಳೂ ಅದೇ ಜಾತಿಯವು. ನಾಲ್ಕೈದು ಸಲ ನೀರಿನಲ್ಲಿ ತೊಳೆದು, ಸುರುಳಿ ಸುತ್ತಿ, ಸಣ್ಣಗೆ ಹೆಚ್ಚಿ. ಒಂದು ಚಮಚ ಎಣ್ಣೆಯಲ್ಲಿ ಜಜ್ಜಿದ ಬಳ್ಳೊಳ್ಳಿ ಹುರಿದು ಸೊಪ್ಪು ಹಾಕಿ, ಜೋರು ಉರಿಯಲ್ಲಿ ಎರಡು ಮೂರು ನಿಮಿಷ ಕೈಯಾಡಿಸಿ, ಉಪ್ಪು ಹಾಕಿ ಇಳಿಸಿ. ಹಸಿರು ಬಣ್ಣ ಹೋಗಬಾರದು. ರಾಜಗಿರಿ ಸೊಪ್ಪಿನಲ್ಲಿಯೂ ಹೀಗೇ ಮಾಡಬಹುದು.

ಮೇಲುದುರು

ಮರಗೆಣಸಿನ ಹಿಟ್ಟು ನಮ್ಮಲ್ಲಿ ಸಿಗದು. ಅದಕ್ಕೆ ನಾನು ಕಂಡುಕೊಂಡ ಉಪಾಯ ಖಡಕ್ ರೊಟ್ಟಿ. ಎರಡು ಖಡಕ್ ಜೋಳದ ರೊಟ್ಟಿಯನ್ನು ಕೈಯಿಂದ ಪುಡಿಮಾಡಿ, ಒರಳಲ್ಲಿ ಒಂದೆರಡು ಏಟು ಹಾಕಿ ದಪ್ಪ ರವೆಯಂತೆ ಮಾಡಿಕೊಳ್ಳಿ. ಒಂದು ಚಮಚ ತುಪ್ಪದಲ್ಲಿ ಎರಡು ಎಸಳು ಬಳ್ಳೊಳ್ಳಿ, ಸ್ವಲ್ಪ ಉಳ್ಳಾಗಡ್ಡಿ ಹುರಿದು, ಈ ಪುಡಿ ಮತ್ತು ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಗರಿಗರಿಯಾಗುವ ತನಕ ಹುರಿಯಿರಿ. ಬಿಸಿ ರೊಟ್ಟಿಗೆ ಬಳ್ಳೊಳ್ಳಿ, ಮೆಣಸಿನಕಾಯಿ, ತುಪ್ಪ ಹಾಕಿ ಕುಟ್ಟಿ ಮುಟಗಿ ಮಾಡುವವರಿಗೆ ಈ ರುಚಿ ಹೊಸದೆನ್ನಿಸಲಾರದು.

ಬಡಿಸುವಾಗ ತಾಟಿನ ಒಂದು ಕಡೆ ಅನ್ನ, ಪಕ್ಕದಲ್ಲಿ ಗಟ್ಟಿ ಕಾಳು, ಇನ್ನೊಂದು ಕಡೆ ಸೊಪ್ಪು. ಮೇಲುದುರನ್ನು ಉದುರಿಸಿ, ಟೊಮೆಟೊ-ಉಳ್ಳಾಗಡ್ಡಿ ಹೋಳು ಇಟ್ಟು, ಒಂದು ಲಿಂಬಿ ಹೋಳು ಹಿಂಡಿ. ಕರಿ ಕಾಳಿಗೆ ಮಾಂಸ ಹಾಕಿ ಮಾಡುವ ಹಬ್ಬದ ಅಡುಗೆಯ ಜೊತೆ ಅವರು ಕಿತ್ತಳೆ ಹಣ್ಣಿನ ಹೋಳನ್ನು ತಪ್ಪದೆ ಇಡುತ್ತಾರೆ. ರುಚಿಗೆಂದು ಇಟ್ಟರೂ ಒಳ್ಳೆಯದೇ ಆಗುತ್ತದೆ, ಏಕೆಂದರೆ ಕಾಳು-ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತಬೇಕಾದರೆ ಹುಳಿ ಹಣ್ಣಿನ ಸಿ ಜೀವಸತ್ವದ ನೆರವು ಬೇಕು.

ಇಲ್ಲಿಗೆ ಮಗನ ಪ್ರಶ್ನೆ ಮುಗಿಯಿತು. ಈಗ ನಿನ್ನದು.

ಬ್ರೆಜಿಲ್‌ನವರಲ್ಲೂ ಒಂದು ಮಾತಿದೆ: ನೆಂಟರು ಬಂದರೆ ಕಾಳಿಗೆ ನೀರು ಹಾಕು. ನಾವೂ ಸಾರಿಗೆ ಇನ್ನೊಂದು ತಂಬಿಗೆ ನೀರು ಸುರಿಯುವವರೇ. ಮನೆಗೆ ಬಂದವರನ್ನು ಹಸಿದು ಕಳಿಸಬಾರದೆಂಬ ದೊಡ್ಡ ಮನಸ್ಸು ಅದು. ಆದರೆ ನೆಂಟರಿಲ್ಲದ ದಿನವೂ ನೀರೇ ಹೆಚ್ಚಾದರೆ, ಆ ನೀರು ಕಡೆಗೆ ಯಾರ ಗಂಗಾಳಕ್ಕೆ ಬರುತ್ತದೆ? ಮಾವನವರಿಗೆ ತಳದಿಂದ ಕಲಕಿ ಬಡಿಸುತ್ತೀ. ಗಂಡನಿಗೆ, ಮಕ್ಕಳಿಗೆ ಗಟ್ಟಿಯಾದದ್ದು. ನೀನು ಕುಳಿತಾಗ ಬೋಗುಣಿಯಲ್ಲಿ ತಿಳಿ ಮಾತ್ರ ಇರುತ್ತದೆ. ಅನ್ನ ಹೊಟ್ಟೆ ತುಂಬಿಸುತ್ತದೆ, ಆದ್ದರಿಂದ ಉಂಡೆನೆಂಬ ಸಮಾಧಾನವೂ ಆಗುತ್ತದೆ. ಮೈಯಲ್ಲಿ ಮಾತ್ರ ರಕ್ತ ಇಳಿಯುತ್ತ ಹೋಗುತ್ತದೆ.

ಇದು ನಿನ್ನೊಬ್ಬಳ ಕತೆಯೂ ಅಲ್ಲ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 100ಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಅಡುಗೆ ಮಾಡುವ ಕೈಗಳೇ ಸೋತಿವೆ.

ಹಾಗಾದರೆ ಏನು ಮಾಡಬೇಕು? ನಿನ್ನ ಮನೆಯಲ್ಲಿ ನಡೆಯುವಂಥ ಕೆಲವು ಮಾತು ಹೇಳುತ್ತೇನೆ.

ಎರಡು ಬಟ್ಟಲು ಅಕ್ಕಿಗೆ ಒಂದು ಬಟ್ಟಲು ಕಾಳು ಅಥವಾ ಬೇಳೆ, ಈ ಅಳತೆಯನ್ನು ಮನಸ್ಸಿನಲ್ಲಿಡು. ಆ ಒಂದು ಬಟ್ಟಲಿನಲ್ಲಿ ಎರಡು ಬಟ್ಟಲು ಅಕ್ಕಿಗಿಂತ ಹೆಚ್ಚು ಪ್ರೋಟೀನ್ ಇದೆ. ದಿನಾ ಅಷ್ಟಾಗದಿದ್ದರೆ ಮುಕ್ಕಾಲು ಬಟ್ಟಲಾದರೂ ಇರಲಿ. ತೊಗರಿಯೇ ಆಗಬೇಕೆಂಬ ಹಟ ಬೇಡ. ನಮ್ಮ ಕಲಬುರಗಿ ಸೀಮೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ, ಹೆಮ್ಮೆಯ ಮಾತು. ಆದರೂ ತೊಗರಿ ತುಟ್ಟಿಯಾದ ವಾರ ಹೆಸರು, ಹುರುಳಿ, ಮಡಿಕೆ, ಅಲಸಂದಿ, ಕಡಲೆ ಇವುಗಳಲ್ಲಿ ಸಂತೆಯಲ್ಲಿ ಯಾವುದು ಅಗ್ಗವೋ ಅದನ್ನು ತಾ. ಕಾಳು ಹಿಸುಕಿ ಮಂದ ಮಾಡುವ ಮೇಲಿನ ಕ್ರಮ ಎಲ್ಲಕ್ಕೂ ಹೊಂದುತ್ತದೆ, ಸ್ವಲ್ಪ ಕಾಳೂ ಹೆಚ್ಚಾಗಿ ಕಾಣುತ್ತದೆ.

ಮಕ್ಕಳು ಮಧ್ಯಾಹ್ನ ಶಾಲೆಯ ಬಿಸಿಯೂಟದಲ್ಲಿ ಅನ್ನ ಉಂಡಿರುತ್ತಾರೆ. ಆದ್ದರಿಂದ ರಾತ್ರಿ ಒಂದು ಹೊತ್ತು ರೊಟ್ಟಿಯೇ ಇರಲಿ. ಪೂರ್ತಿ ರೊಟ್ಟಿ ಒಲ್ಲೆನೆಂದರೆ ಜೋಳದ ನುಚ್ಚು ಮಾಡಿ ಇದೇ ಕಾಳು ಹಾಕಿ ಕೊಡು. ರೊಟ್ಟಿ ಹಳ್ಳಿಯ ಊಟ, ಅನ್ನ ಪ್ಯಾಟಿಯ ಊಟ ಎಂಬ ಮಾತು ಮಕ್ಕಳ ಕಿವಿಗೆ ನಮ್ಮಿಂದಲೇ ಬಿದ್ದಿದೆ. ನಾವೇ ತೆಗೆಯಬೇಕು.

ಊಟವಾದ ಕೂಡಲೇ ಚಹಾ ಕುಡಿಯಬೇಡ. ಚಹಾ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ. ಒಂದು ತಾಸು ಬಿಟ್ಟು ಕುಡಿ.

ದವಾಖಾನೆಯವರು ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ಬಿಡಬೇಡ. ರಕ್ತ ಇಳಿದ ಮೇಲೆ ಊಟವೊಂದರಿಂದಲೇ ಬೇಗ ಏರುವುದಿಲ್ಲ. ಗುಳಿಗೆಯಿಂದ ಮಲ ಕಪ್ಪಗಾದರೆ ಹೆದರಬೇಡ, ಅದು ಸಹಜ. ಹೊಟ್ಟೆ ಕೆಟ್ಟರೆ ಆಶಾ ಕಾರ್ಯಕರ್ತೆಗೋ ನರ್ಸಮ್ಮನಿಗೋ ಹೇಳು, ಸುಮ್ಮನೆ ಪೊಟ್ಟಣವನ್ನು ಮಾಡದ ಮೇಲೆ ಇಡಬೇಡ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಮುಚ್ಚಿಡದೆ ತಿಳಿಸು.

ಕಡೆಯ ಮಾತು, ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ನಿಮ್ಮ ಮನೆಯಲ್ಲಿ ನಡೆದರೆ ಬಹಳ ಒಳ್ಳೆಯದು. ನಡೆಯದಿದ್ದರೆ, ಅಡುಗೆ ಇಳಿಸಿದ ಕೂಡಲೇ, ಯಾರಿಗೂ ಬಡಿಸುವ ಮೊದಲು, ನಿನ್ನ ಬಟ್ಟಲಿಗೆ ಎರಡು ಸವಟು ಗಟ್ಟಿ ಕಾಳು ತೆಗೆದು ಮುಚ್ಚಿಡು. ಇದರಲ್ಲಿ ಕಳ್ಳತನವಿಲ್ಲ, ಆಸೆಬುರುಕತನವೂ ಇಲ್ಲ. ಅತ್ತೆಯವರು ನೋಡಿದರೆ, “ಡಾಕ್ಟರು ಹೇಳ್ಯಾರ್ರೀ ಅತ್ತಿ, ನಿಮಗೂ ಒಂದು ಬಟ್ಟಲು ತೆಗೆದಿಟ್ಟೀನಿ” ಎನ್ನು. ಅವರೂ ಒಂದು ಕಾಲಕ್ಕೆ ಕಡೆಗೆ ಉಂಡವರೇ. ತಿಳಿಯದಿರುವುದಿಲ್ಲ.

ಮಗ ಶಾಲೆಗೆ ಬರೆದುಕೊಂಡು ಹೋಗುವ ಹಾಳೆಯಲ್ಲಿ ಬ್ರೆಜಿಲ್ ಊಟದ ಕೆಳಗೆ ದೇವಾಪುರದ ಊಟವನ್ನೂ ಬರೆಯಿಸು: ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಎರಡೂ ದೇಶದವರು ಒಂದೇ ಬುದ್ಧಿವಂತಿಕೆ ಮಾಡಿದ್ದಾರೆಂಬುದು ಅವನಿಗೂ ತಿಳಿಯಲಿ.

ಅಡುಗೆ ಮಾಡಿ ನೋಡಿ ಹೇಗಾಯಿತೆಂದು ಬರೆ, ತಂಗಿ. ಮನೆಯವರು ಏನಂದರು ಎಂಬುದನ್ನು ಆಮೇಲೆ ಬರೆದರಾಯಿತು. ನೀನು ಎಷ್ಟು ಉಂಡೆ ಎಂಬುದನ್ನು ಮೊದಲು ಬರೆ.

ನಿಮ್ಮ ಅಕ್ಕ